ಪ್ರೆಸ್ಸಿನ ಪಕ್ಕ ಆರಿಸಿದ ಆಂಪ್

ನಮ್ಮ ಮನೆಯಲ್ಲಿ ಮಿಕ್ಸಿ ನಿಂತ ಮೇಲೂ ನಾನು ಕಿರುಚುತ್ತಲೇ ಇರುತ್ತೇನೆ. ಚಟ್ನಿ ರುಬ್ಬುವ ಹೊತ್ತಿಗೇ ಮಗಳನ್ನು ಏನಾದರೂ ಕೇಳುವ ಅಗತ್ಯ ಬೀಳುತ್ತದೆ, ಮಿಕ್ಸಿಯ ಮೇಲೆ ದನಿ ಏರಿಸಿ ಕೇಳುತ್ತೇನೆ, ಅಷ್ಟರಲ್ಲಿ ಕಾಯಿ ನುಣ್ಣಗಾಗಿ ಮಿಕ್ಸಿ ಸುಮ್ಮನಾಗಿರುತ್ತದೆ, ನಾನು ಮಾತ್ರ ಆಗಿರುವುದಿಲ್ಲ. "ಅಮ್ಮಾ, ಆಫ್ ಆಯ್ತು. ಇನ್ನೊಂದ್ಸಲ ಕೂಗಿದ್ರೆ ಪಕ್ಕದ್ಮನೆ ಆಂಟಿನೇ ಉತ್ತರ ಕೊಡ್ತಾರೆ" ಎನ್ನುತ್ತಾಳೆ ಮಗಳು. ಪೀಣ್ಯದ ಕಾರ್ಖಾನೆಗಳ ನಡುವೆ ಪ್ರಾಯ ಕಳೆದವರ ಗಂಟಲೇ ಹಾಗೆ. ತೊಂಬತ್ತರ ದಶಕದಲ್ಲಿ ಅಲ್ಲಿ ಪ್ರೀತಿಯನ್ನೂ ಬೈಗುಳವನ್ನೂ ಒಂದೇ ಎತ್ತರದಲ್ಲಿ ಹೇಳಬೇಕಿತ್ತು. ಪಿಸುಮಾತೆಂಬುದು ಭಾನುವಾರಕ್ಕೆ ಮೀಸಲಾದ ಐಷಾರಾಮವಾಗಿತ್ತು.

ಈ ಮಿಕ್ಸಿ ಪುರಾಣ ಯಾಕೆ ತೆಗೆದೆನೆಂದರೆ, ಮೊನ್ನೆ ಹುಡುಗನೊಬ್ಬ ನನಗೆ ಮೆಸೇಜ್ ಹಾಕಿದ್ದ. ಬ್ಯಾಂಡ್ ಕಟ್ಟಿದ್ದಾನಂತೆ, ವೇದಿಕೆಯಲ್ಲಿ ನುಡಿಸಲು ಗಿಟಾರಿಗೆ ಯಾವ ಆಂಪ್, ಅಂದರೆ ಸದ್ದು ಹಿಗ್ಗಿಸುವ ಪೆಟ್ಟಿಗೆ, ತೆಗೆದುಕೊಳ್ಳಲಿ, ಎಷ್ಟು ವ್ಯಾಟ್ ಇರಬೇಕು ಎಂದು ಕೇಳಿದ್ದ. ವ್ಯಾಟ್ ಲೆಕ್ಕ ಹೇಳುವವರು ಊರ ತುಂಬ ಇದ್ದಾರೆ, ನನಗೆ ಅದರ ಗೊಡವೆ ಬೇಡ. ಆದರೆ ಆಂಪ್ ಆರಿಸುವ ವಿಷಯದಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಕಡಿಮೆ ಎಂದು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ನನ್ನಷ್ಟು ಚೆನ್ನಾಗಿ ತಪ್ಪು ಆಂಪ್ ಆರಿಸಿದವರು ಇನ್ನೂ ಕಡಿಮೆ.

ನಾನು ಪೀಣ್ಯಕ್ಕೆ ಅಂಟಿಕೊಂಡ ರಾಜಗೋಪಾಲನಗರದವಳು. ಹಗಲು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದೆ, ಸಂಜೆ ಉಕ್ಕಿನ ತಂತಿ ಮೀಟುತ್ತಿದ್ದೆ. ಗಿಟಾರ್ ಕಲಿತದ್ದು ನಮ್ಮ ಚರ್ಚಿನ ಗಾಯನ ತಂಡದಲ್ಲಿ; ಅಲ್ಲಿಂದ ನನ್ನನ್ನು ಎಳೆದು ತಂದು ಆರ್ಕೆಸ್ಟ್ರಾಕ್ಕೆ ಸೇರಿಸಿದವನು ನಮ್ಮ ವಠಾರದ ಎದುರು ಮನೆಯ ನಾಗೇಶ. ಅವನು ಕೀಬೋರ್ಡ್ ನುಡಿಸುತ್ತಿದ್ದ, ತಂಡವನ್ನು ಕಟ್ಟಿದವನೂ ಅವನೇ, ಹೀಗಾಗಿ ಯಾರನ್ನು ಬೇಕಾದರೂ ತಂಡದಿಂದ ಬಿಡಿಸುವ ಹಕ್ಕು ತನಗಿದೆ ಎಂದು ನಂಬಿದ್ದ. ಡ್ರಮ್ಸಿಗೆ ಅನ್ವರ್. ಹಾಡುವವನು ಬಸವರಾಜ, ಹಾವೇರಿ ಕಡೆಯಿಂದ ಬಂದು ಪ್ರೆಸ್ ಶಾಪೊಂದರಲ್ಲಿ ಪವರ್ ಪ್ರೆಸ್ ಓಡಿಸುತ್ತಿದ್ದ. ತಗಡಿಗೆ ಮೇಲಿಂದ ಧಡ್ ಎಂದು ಒಂದು ಏಟು ಬಿದ್ದರೆ ಕೆಳಗೆ ಒಂದು ವಾಷರ್ ಉದುರುವಂಥ ಯಂತ್ರ ಅದು. ಅವನ ಓನರು ಒಳ್ಳೆಯವರು, ಶೆಡ್ಡಿನ ಹಿಂದಿನ ಸ್ಟೋರ್ ರೂಮನ್ನು ನಮ್ಮ ಅಭ್ಯಾಸಕ್ಕೆ ಬಿಟ್ಟುಕೊಟ್ಟಿದ್ದರು. ಗೋಡೆಯಾಚೆ ಸೆಕೆಂಡ್ ಶಿಫ್ಟಿನ ಪ್ರೆಸ್ಸುಗಳು ತಗಡು ಜಜ್ಜುತ್ತಿದ್ದರೆ ಈಚೆ ನಾವು ಪ್ರೇಮಗೀತೆ ಹಾಡುತ್ತಿದ್ದೆವು. ಬಸವರಾಜನಂತೂ ಆ ಏಟಿಗೇ ತಾಳ ಹಿಡಿದುಬಿಟ್ಟಿದ್ದ.

ನನಗೆ ಸ್ವಂತ ಆಂಪ್ ಇರಲಿಲ್ಲ. ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ ಇಲ್ಲದಿದ್ದರೆ ಅದು ಸೊಳ್ಳೆ ಪರದೆಯ ಹೊರಗೆ ಗುನುಗುವ ಸೊಳ್ಳೆ. ಹಾಡುವವರ ಮೈಕಿನ ಪೆಟ್ಟಿಗೆಗೇ ಗಿಟಾರಿನ ವೈರು ಸಿಕ್ಕಿಸಿ ನುಡಿಸುತ್ತಿದ್ದೆ, ಯಾರ ಕಿವಿಗೂ ಬೀಳುತ್ತಿರಲಿಲ್ಲ. ತುಮಕೂರು ರಸ್ತೆಯ ಬದಿಯಲ್ಲಿ ಪೆಂಡಾಲ್ ಹಾಕಿ ನಡೆದ ಒಂದು ಕಾರ್ಯಕ್ರಮ ಮುಗಿದ ಮೇಲೆ ನಾಗೇಶ ಹೊಸ ಕೀಬೋರ್ಡಿನ ಸುದ್ದಿ ತೆಗೆದ.

"ಬೇಜಾರ್ ಮಾಡ್ಕೋಬೇಡ ಕಣೇ ಗ್ರೇಸಿ. ಇದ್ರಲ್ಲಿ ಒಂದ್ ಬಟನ್ ಒತ್ತಿದ್ರೆ ಗಿಟಾರು, ಇನ್ನೊಂದ್ ಒತ್ತಿದ್ರೆ ಕೊಳಲು. ನೀನ್ ನುಡಿಸ್ತಿದೀಯೋ ಸುಮ್ನೆ ಕೈ ಆಡಿಸ್ತಿದೀಯೋ ಜನಕ್ಕೆ ಗೊತ್ತೇ ಆಗ್ತಿಲ್ಲ."

"ಬಸವರಾಜಾ, ನಿಂಗೂ ಕೇಳಲ್ವಾ?" ಎಂದೆ.

ಅವನು ಪಾಪ ಸುಳ್ಳು ಹೇಳಲು ಬಾರದವನು. "ಖರೆ ಹೇಳ್ಬೇಕಂದ್ರ, ಕೇಳಸಂಗೇ ಇಲ್ರೀ ಅಕ್ಕಾರ. ನೀವು ತಲಿ ಅಲ್ಲಾಡಸೂದು ಕಾಣಸ್ತೈತಿ, ಅದನ್ನ ನೋಡಿ ಹಾಡ್ತೀನ್ರಿ."

ಆಯುಧಪೂಜೆಗೆ ಅದೇ ಪ್ರೆಸ್ ಶಾಪಿನಲ್ಲಿ ನಮ್ಮ ಕಾರ್ಯಕ್ರಮವಿತ್ತು. ಅಷ್ಟರೊಳಗೆ ನಾನು ಕೇಳಿಸಬೇಕು, ಇಲ್ಲವೇ ಬಟನ್ನಿಗೆ ಜಾಗ ಬಿಡಬೇಕು. ನಾಗೇಶನ ತೀರ್ಪು ಅದು. ನನಗಾಗ ತಂಡವೆಂದರೆ ಸಣ್ಣ ವಿಷಯವಲ್ಲ. ಬೆಳಗಿನಿಂದ ಸಂಜೆಯವರೆಗೆ ತಲೆ ತಗ್ಗಿಸಿ ತಂತಿ ಸುತ್ತುವ ಹೆಣ್ಣು ಒಂದು ದಿನವಾದರೂ ತಲೆ ಎತ್ತಿ ನಿಲ್ಲುತ್ತಿದ್ದ ಜಾಗ ಅದೊಂದೇ. ಬಟನ್ನಿಗೆ ಅದನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ, ಈಗಲೂ ಇಲ್ಲ.

ಪೇಟೆಯ ವಾದ್ಯದಂಗಡಿಗೆ ಹೋದೆವು. ಅಂಗಡಿಯವರು ಎರಡು ತೋರಿಸಿದರು. ಒಂದು ಕಂದು ಬಟ್ಟೆ ಹೊದ್ದ, ಮಡಿಲಲ್ಲಿ ಇಟ್ಟುಕೊಳ್ಳಬಹುದಾದ ಪುಟ್ಟದು, ಯಾರೋ ಬಳಸಿ ಬಿಟ್ಟದ್ದು. ಇನ್ನೊಂದು ಇಲ್ಲೇ ಜೋಡಿಸಿದ ಕರಿಯ ಪೆಟ್ಟಿಗೆ, ಮುಂಭಾಗದಲ್ಲಿ ಸಾಲು ನಾಬುಗಳು, ಎತ್ತಲು ಇಬ್ಬರು ಬೇಕು. ನಾಗೇಶ ಅವನ್ನು ಕೇಳಿ ನೋಡುವ ಮೊದಲು ಎತ್ತಿ ನೋಡಿದ. ನಮ್ಮ ಕಡೆ ಮೋಟರಾಗಲಿ, ಕಬ್ಬಿಣ ಬಿಗಿಹಿಡಿಯುವ ವೈಸಾಗಲಿ ಕೊಳ್ಳುವ ಕ್ರಮವೇ ಅದು. ಭಾರವಿದ್ದರೆ ಒಳಗೆ ಸರಕಿದೆ ಎಂದರ್ಥ.

"ಇಲ್ ಬೇಡ ಸಾರ್, ನಾವ್ ನುಡಿಸೋ ಜಾಗದಲ್ಲೇ ಹಾಕಿ ನೋಡ್ತೀವಿ, ಒಂದ್ ವಾಪಸ್ ತಂದ್ಕೊಡ್ತೀವಿ" ಎಂದ ನಾಗೇಶ. ಅಂಗಡಿಯವರಿಗೆ ಅವನ ಮಾವನ ಪರಿಚಯವಿದ್ದದ್ದರಿಂದ ಒಪ್ಪಿದರು.

ಮಾತು ನ್ಯಾಯವಾಗಿಯೇ ಇತ್ತಲ್ಲವೇ? ಸೀರೆಯ ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡದೆ ಬಾಗಿಲಿಗೆ ತಂದು ಬಿಸಿಲಲ್ಲಿ ನೋಡುವುದಿಲ್ಲವೇ? ಹಾಗೆ ನಾವು ಎರಡನ್ನೂ ಸ್ಟೋರ್ ರೂಮಿಗೆ ತಂದೆವು. ಗೋಡೆಯಾಚೆ ಪ್ರೆಸ್ಸುಗಳು ಎಂದಿನಂತೆ ಬಡಿಯುತ್ತಿದ್ದವು. ಕಂದು ಪೆಟ್ಟಿಗೆಗೆ ಗಿಟಾರ್ ಸಿಕ್ಕಿಸಿ ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಯಾರೋ ಪಕ್ಕದ ಕೋಣೆಯಲ್ಲಿ ಎಚ್ಚರಿಕೆಯಿಂದ ಪಾತ್ರೆ ಜೋಡಿಸುತ್ತಿರುವಂತೆ ಕೇಳಿಸಿತು. ಕರಿಯದಕ್ಕೆ ಸಿಕ್ಕಿಸಿ, ದನಿಯನ್ನು ಚೂಪಾಗಿಸುವ ಟ್ರೆಬಲ್ ನಾಬನ್ನು ಕೊನೆಯವರೆಗೆ ತಿರುಗಿಸಿದೆ. ಪ್ರೆಸ್ಸಿನ ಏಟಿನ ನಡುವೆ ನನ್ನ ತಂತಿ ಗರಗಸದ ಹಲ್ಲಿನಂತೆ ಹೊರಬಂತು. ಆಚೆಯಿಂದ ಆಪರೇಟರುಗಳು ಬಗ್ಗಿ ನೋಡಿದರು.

"ಇದಪ್ಪಾ ಮಾಲು!" ಎಂದ ನಾಗೇಶ.

"ಸಕ್ಕತ್, ಅಕ್ಕಾ! ನನ್ ಡ್ರಮ್ಸಿನ್ ಸಿಂಬಲ್ಲೇ ಕೇಳ್ಲಿಲ್ಲ!" ಎಂದ ಅನ್ವರ್, ಅದು ದೂರೆಂದು ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಕಂದು ಪೆಟ್ಟಿಗೆಯನ್ನು ವಾಪಸ್ ಕಳಿಸಿದೆವು. ಆ ದಿನ ನಾನು ಮನೆಗೆ ನಡೆದ ನಡಿಗೆ ನೋಡಬೇಕಿತ್ತು ನೀವು.

ಆಯುಧಪೂಜೆಯ ದಿನ ಮಧ್ಯಾಹ್ನ ಊಟದ ನಂತರ ನಮ್ಮ ಕಾರ್ಯಕ್ರಮ. ಶೆಡ್ಡಿನೊಳಗೆ ಕಾಲಿಟ್ಟಾಗ ಗುರುತೇ ಸಿಗಲಿಲ್ಲ. ಎಣ್ಣೆ ಮಸಿಯೆಲ್ಲ ಒರೆಸಿ, ಪ್ರತಿ ಪ್ರೆಸ್ಸಿಗೂ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಎರಡೂ ಬದಿಗೆ ಬಾಳೆಕಂದು ಕಟ್ಟಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಮದುಮಕ್ಕಳಂತೆ ನಿಲ್ಲಿಸಿದ್ದರು. ಬಾಗಿಲಲ್ಲಿ ಒಡೆದ ಬೂದುಗುಂಬಳ. ನನ್ನ ಕರಿಯ ಪೆಟ್ಟಿಗೆಯ ಹಣೆಗೂ ಯಾರೋ ಒಂದು ಬೊಟ್ಟು ಇಟ್ಟರು. ಕಾರ್ಮಿಕರು ಹೆಂಡತಿ ಮಕ್ಕಳೊಂದಿಗೆ ಕಡ್ಲೆಪುರಿ ಮೆಲ್ಲುತ್ತ ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಮಾಕಳಿ ಹಳ್ಳಿಯಿಂದ ಬಂದಿದ್ದ ಓನರ ತಾಯಿ. ಎಲ್ಲ ಸಜ್ಜಾಯಿತು, ನಾಗೇಶ ಕೈ ಎತ್ತಿದ, ನಾನು ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿ ಮೊದಲ ಕಾರ್ಡ್ ಹೊಡೆದೆ.

ತಗಡಿನ ಸೂರು ಒಮ್ಮೆ ನಡುಗಿ, ಆ ಸದ್ದನ್ನು ಇಮ್ಮಡಿ ಮಾಡಿ ನಮ್ಮ ತಲೆಯ ಮೇಲೆ ಸುರಿಯಿತು. ಎಳೆಗೂಸೊಂದು ಚೀರಿತು. ಬಸವರಾಜ ಬಾಯಿ ತೆರೆದದ್ದು ಕಾಣಿಸಿತು, ದನಿ ಕೇಳಿಸಲಿಲ್ಲ. ಓನರ ತಾಯಿ ಸೆರಗನ್ನು ಎರಡೂ ಕಿವಿಗೆ ಒತ್ತಿ ಹಿಡಿದು ಕೂಗಿದರು: "ಯಾಕವ್ವಾ, ನಿನ್ ಪೆಟ್ಗೆಗೆ ಒಟ್ಟೆನೋವಾ? ಇಂಗ್ ಅರಚ್ಕತಾ ಐತಲ್ಲ!"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಆ ನಗು ನನಗೆ ಅಷ್ಟು ಸ್ಪಷ್ಟವಾಗಿ, ಒಬ್ಬೊಬ್ಬರದೂ ಬೇರೆ ಬೇರೆಯಾಗಿ ಕೇಳಿಸಿದಾಗಲೇ ನನಗೆ ಬುದ್ಧಿ ಬಂದದ್ದು. ಮಷೀನುಗಳು ನಿಂತಿದ್ದವು. ವರ್ಷದಲ್ಲಿ ಯಾವ ದಿನ ಪೀಣ್ಯದ ಯಂತ್ರಗಳೆಲ್ಲ ಹೂ ಮುಡಿದು ಬಾಯಿ ಮುಚ್ಚಿ ನಿಲ್ಲುತ್ತವೆಯೋ ಆ ದಿನಕ್ಕಾಗಿ ನಾವು ಯಂತ್ರಗಳ ನಡುವೆ ನಿಂತು ಆಂಪ್ ಆರಿಸಿದ್ದೆವು. ತಂಡದಲ್ಲಿ ನಾಲ್ವರಿದ್ದೆವು, ವರ್ಷ ವರ್ಷವೂ ಆಯುಧಪೂಜೆ ಕಂಡವರೇ ಎಲ್ಲರೂ, ಒಬ್ಬರ ತಲೆಗೂ ಇದು ಬರಲಿಲ್ಲ! ಗದ್ದಲದಲ್ಲಿ ಬದುಕುವವರಿಗೆ ಗದ್ದಲ ಕೇಳಿಸುವುದಿಲ್ಲ; ಅದು ಇರುವುದೇ ಲೋಕದ ರೀತಿ ಎಂದುಕೊಂಡಿರುತ್ತಾರೆ.

ನಾಗೇಶನ ಕಣ್ಣು ಕೀಬೋರ್ಡಿನ ಆ ಬಟನ್ನಿನ ಕಡೆ ಹೋದದ್ದನ್ನು ನೋಡಿದೆ. "ಆಫ್ ಮಾಡ್ಬಿಡೇ, ಮಾನ ಹೋಗ್ತಿದೆ" ಎಂದು ಹಲ್ಲು ಕಚ್ಚಿದ.

"ಒಂದ್ನಿಮಿಷ ತಡ್ಕೊಳೋ" ಎಂದೆ. ವಾಲ್ಯೂಮ್ ಇಳಿಸಿದೆ, ಟ್ರೆಬಲ್ ಇಳಿಸಿದೆ. ಆದರೂ ಅದು ಬುಸ್ ಎನ್ನುತ್ತ ಮೂಗಿನಲ್ಲೇ ಮಾತಾಡುತ್ತಿತ್ತು. ಗೋಡೆಯ ಪಕ್ಕ ಮಷೀನು ಒರೆಸುವ ಕಾಟನ್ ವೇಸ್ಟಿನ ಮೂಟೆಗಳನ್ನು ಪೇರಿಸಿಟ್ಟಿದ್ದರು. ಅನ್ವರನನ್ನು ಕರೆದೆ, ಇಬ್ಬರೂ ಸೇರಿ ಪೆಟ್ಟಿಗೆಯ ಮುಖವನ್ನು ಆ ಹತ್ತಿಯ ಕಡೆಗೆ ತಿರುಗಿಸಿ ಒತ್ತಿಟ್ಟೆವು, ತಪ್ಪು ಮಾಡಿದ ಹುಡುಗನನ್ನು ಮೇಷ್ಟ್ರು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುವಂತೆ. ತಂತಿ ಮೀಟಿದೆ. ಗರಗಸದ ಹಲ್ಲು ಉದುರಿ, ಮೆತ್ತಗಿನ ಒಂದು ದನಿ ಹತ್ತಿಯಲ್ಲಿ ಸೋಸಿಕೊಂಡು ಹೊರಬಂತು.

ಮತ್ತೆ ಶುರು ಮಾಡಿದೆವು. ಮೊದಲ ಹಾಡಿನಲ್ಲಿ ಬಸವರಾಜ ಎಡವಿದ. ಅವನಿಗೆ ತಾಳ ಕೊಡುತ್ತಿದ್ದ ಪ್ರೆಸ್ಸು ಹಾರ ಹಾಕಿಕೊಂಡು ಸುಮ್ಮನೆ ನಿಂತಿತ್ತಲ್ಲ, ಸಾಲು ಮುಗಿಯುವ ಮೊದಲೇ ಓಡುತ್ತಿದ್ದ. ನಾನು ಅಲಂಕಾರವೆಲ್ಲ ಬಿಟ್ಟು, ಅವನಿಗೆ ಕೇಳಿಸುವಂತೆ ಬರೀ ತಾಳ ಹಿಡಿದು ಮೀಟತೊಡಗಿದೆ. ಅವನು ಒಮ್ಮೆ ಹಿಂದಿರುಗಿ ನೋಡಿದ. ತಲೆಯ ಅಲ್ಲಾಟವನ್ನಲ್ಲ, ಕೈಯನ್ನು ನೋಡಿದ. ನಿಧಾನವಾಗಿ ಅದಕ್ಕೆ ಆತುಕೊಂಡ.

ಎರಡನೆಯ ಹಾಡಿಗೆ ಅವನು ಕಿರುಚುವುದನ್ನೂ ನಿಲ್ಲಿಸಿದ. ಒಟ್ಟಿಗೆ ಅಷ್ಟು ಸಂಜೆಗಳನ್ನು ಕಳೆದಿದ್ದರೂ ಬಸವರಾಜನ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಆಗ. ಸಾಲಿನ ಕೊನೆಯಲ್ಲಿ ಅವನು ಒಂದಿಷ್ಟು ಉಸಿರನ್ನು ಹಾಗೇ ಬಿಡುತ್ತಿದ್ದ, ಬಟ್ಟೆ ಮಡಿಚಿ ಕೊನೆಗೊಮ್ಮೆ ಅಂಗೈಯಲ್ಲಿ ಸವರುವಂತೆ. ಇಷ್ಟು ದಿನ ಇದು ಎಲ್ಲಿತ್ತು ಎಂದು ಯೋಚಿಸುತ್ತ, ನಾಚಿಕೆಯಿಲ್ಲದೆ ಹೇಳುತ್ತೇನೆ, ನುಡಿಸುವುದನ್ನೇ ಮರೆತುಬಿಟ್ಟೆ. ಕೈ ತಂತಿಯ ಮೇಲೆ ಸುಮ್ಮನೆ ಕುಳಿತಿತ್ತು.

ಗಿಟಾರಿನ ಜಾಗ ಖಾಲಿ ಬಿದ್ದದ್ದು ಕೂಡಲೇ ನಾಗೇಶನಿಗೆ ತಿಳಿಯಿತು. ಬಟನ್ ಒತ್ತಿದ. ಕೀಬೋರ್ಡಿನಿಂದ ಗಿಟಾರ್ ಬಂತು, ಸುಳ್ಳು ಯಾಕೆ ಹೇಳಲಿ, ಶುದ್ಧವಾಗಿಯೇ ಬಂತು. ಆದರೆ ಅದು ಬಸವರಾಜನನ್ನು ಕಾಯಲಿಲ್ಲ. ಅವನು ಉಸಿರು ಬಿಡುವ ಜಾಗದಲ್ಲಿ ಅದು ಮುಂದೆ ಹೋಗಿ ನಿಂತಿತ್ತು. ಹಾಡಿನ ನಡುವೆಯೇ ಅವನು ತಿರುಗಿದ, ಕೈಯಲ್ಲಿ ಮೈಕ್ ಇದೆಯೆಂಬುದನ್ನು ಮರೆತು ಶೆಡ್ಡಿಗೆಲ್ಲ ಕೇಳುವಂತೆ ಅಂದ:

"ಏ ನಾಗೇಶ, ಅದು ಬ್ಯಾಡೋ ಮಾರಾಯ! ಅಕ್ಕಾರ, ಎಲ್ಲಿ ಹೋದ್ರಿ? ನೀವು ಬಾರಸ್ರಿ, ನಾ ಹಾಡ್ತೀನಿ!"

ಜನ ಮತ್ತೆ ನಕ್ಕರು, ಈ ಸಲ ನನ್ನ ಮೇಲಲ್ಲ. ನಾಗೇಶ ಬಟನ್ನಿನಿಂದ ಬೆರಳು ತೆಗೆದ. ನಾನು ನುಡಿಸಿದೆ. ಕೇಳಿಸಬೇಕೆಂದು ಅಷ್ಟೆಲ್ಲ ಒದ್ದಾಡಿದ ನಾನು ತಂಡದಲ್ಲಿ ಇದ್ದೇನೆಂದು ಎಲ್ಲರಿಗೂ ಗೊತ್ತಾದದ್ದು ನುಡಿಸುವುದನ್ನು ನಿಲ್ಲಿಸಿದಾಗ. ಇದರಲ್ಲಿ ಬಾಳಿಗೆ ಬೇಕಾದ ನೀತಿ ಏನಾದರೂ ಇದ್ದರೆ ನೀವೇ ಆರಿಸಿಕೊಳ್ಳಿ. ನನಗೆ ಸಿಕ್ಕಿದ್ದು ಆಂಪ್ ಕೊಳ್ಳುವ ಬುದ್ಧಿ.

ಹಬ್ಬ ಮುಗಿದ ಮೇಲೆ ಕರಿಯ ಪೆಟ್ಟಿಗೆಯನ್ನು ಹೊತ್ತು ಮತ್ತೆ ಅದೇ ಅಂಗಡಿಗೆ ಹೋದೆವು, ಬದಲಿಸಿಕೊಡಿ ಎಂದು ಕೇಳಲು. ಅದರ ಹಣೆಯ ಕುಂಕುಮ ನೋಡಿ ಅಂಗಡಿಯವರು ನಿಟ್ಟುಸಿರಿಟ್ಟರೂ ಇಲ್ಲವೆನ್ನಲಿಲ್ಲ. ಕಂದು ಪೆಟ್ಟಿಗೆಯ ಜೊತೆಗೆ ಇನ್ನೂ ಕೆಲವನ್ನು ಸಾಲಾಗಿ ಇಟ್ಟರು.

"ಸಾರ್, ಆ ಫ್ಯಾನು, ರೇಡಿಯೋ ಸ್ವಲ್ಪ ಆಫ್ ಮಾಡ್ತೀರಾ?" ಎಂದೆ. ಆಮೇಲೆ ಬಸವರಾಜನ ಕಡೆ ತಿರುಗಿ, "ಹಾಡು. ಕೂಗ್ಬೇಡ, ಮನೇಲಿ ಹಾಡ್ಕೊಳ್ಳೋ ಹಾಗೆ ಹಾಡು" ಎಂದೆ.

"ಏನಮ್ಮಾ, ಗಿಟಾರ್ ಆಂಪ್ ತಗೊಳೋಕೆ ಬಂದು ಹಾಡೋರನ್ನ ನಿಲ್ಸಿದೀಯಲ್ಲ!" ಎಂದರು ಅಂಗಡಿಯವರು.

"ಹೌದು ಸಾರ್. ಯಾವುದ್ರಲ್ಲಿ ನುಡಿಸಿದ್ರೆ ಇವನ್ ಹಾಡೋದು ನಂಗೆ ಕೇಳ್ಸತ್ತೋ ಅದು ಕೊಡಿ."

ಕಂದು ಪೆಟ್ಟಿಗೆಯೇ ಗೆದ್ದಿತು. ಮೆಸೇಜ್ ಹಾಕಿದ ಹುಡುಗನಿಗೂ ಅಷ್ಟನ್ನೇ ಬರೆದು ಕಳಿಸಿದ್ದೇನೆ: ಅಂಗಡಿಗೆ ಒಬ್ಬನೇ ಹೋಗಬೇಡ, ಹಾಡುವವನನ್ನು ಕರೆದುಕೊಂಡು ಹೋಗು.

ವಾಪಸ್ ಬರುವಾಗ ಪೀಣ್ಯದ ಬಸ್ಸಿನಲ್ಲಿ ನೂಕುನುಗ್ಗಲು. ಮುಂದೆ ಹೆಂಗಸರ ಸೀಟಿನಲ್ಲಿ ನಾನು ಗಿಟಾರ್ ಹಿಡಿದು ಕುಳಿತಿದ್ದೆ. ಆಂಪ್ ಹಿಂದೆ ನಾಗೇಶನ ತೊಡೆಯ ಮೇಲಿತ್ತು. ಅವನ ತೀರ್ಪು ಇನ್ನೂ ಬಾಕಿ ಇತ್ತು, ಇನ್ನು ತಂಡಕ್ಕೆ ಬರಬೇಡ ಎನ್ನುತ್ತಾನೋ ಬಾ ಎನ್ನುತ್ತಾನೋ ನನಗೆ ತಿಳಿದಿರಲಿಲ್ಲ. ಕಂಡಕ್ಟರ್ ಅವನ ಹತ್ತಿರ ನಿಂತು ಪೆಟ್ಟಿಗೆಯನ್ನು ಬೆರಳಿಂದ ತಟ್ಟಿದ.

"ಯಾರ್ದ್ರೀ ಈ ಲಗೇಜು?"

ನಾಗೇಶ ಬಸ್ಸಿಗೆಲ್ಲ ಕೇಳುವಂತೆ, ಪೀಣ್ಯದ ಗಂಟಲಿನಲ್ಲೇ ಹೇಳಿದ: "ಅಗೋ, ಮುಂದ್ಗಡೆ ಕೂತಿದಾರಲ್ಲ, ಅವರ್ದು ಸಾರ್. ನಮ್ ಆರ್ಕೆಸ್ಟ್ರಾ ಗಿಟಾರಿಸ್ಟು."

ಲಗೇಜಿನ ಟಿಕೆಟ್ಟನ್ನೂ ಅವನೇ ತೆಗೆಸಿದ.