ದಕ್ಷಿಣದ ಗೋಲಿನ ಮುಂದೆ

ಅಣ್ಣನ ಬಲಗಾಲಿನ ಹೆಬ್ಬೆರಳು ಮಡಚುತ್ತಿರಲಿಲ್ಲ. ಬೂಟು ಹಾಕುವಾಗ ಬಗ್ಗಿ, ಕೈಯಿಂದ ಅದನ್ನು ಒಳಗೆ ಸೇರಿಸಬೇಕಿತ್ತು. ಅದಕ್ಕೆ ಕಾರಣ ನಾನು. ಅರ್ಧ ಮೈದಾನವನ್ನು ನೋಡದೆ, ನೋಡಿದೆ ಎಂದು ಹೇಳಿದವನು ನಾನು.

ಕುವೈತಿನ ಒಂದು ಕಾಲೇಜಿನ ಫುಟ್‌ಬಾಲ್ ಮೈದಾನವನ್ನು ಅವನು ನೋಡಿಕೊಳ್ಳುತ್ತಿದ್ದ. ಹುಲ್ಲಿಲ್ಲದ ಮರಳಿನ ನೆಲ. ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಬೇಕು. ಪ್ರತಿ ಮ್ಯಾಚಿನ ಬೆಳಿಗ್ಗೆ ಬರಿಗಾಲಿನಲ್ಲಿ ಇಡೀ ಮೈದಾನ ನಡೆಯುತ್ತಿದ್ದ. "ಗೋಲು ಹೊಡೆಯುವುದು ಅವರ ಕೆಲಸ. ಬೀಳುವ ಜಾಗ ನನ್ನದು" ಎನ್ನುತ್ತಿದ್ದ.

ತೊಂಬತ್ತರಲ್ಲಿ ಇರಾಕಿನ ಸೈನ್ಯ ಬಂದಾಗ ಇಬ್ಬರೂ ಊರಿಗೆ ಹೋದೆವು. ಯುದ್ಧ ಮುಗಿದ ಮೇಲೆ ಮರಳಿದೆವು. ನಾನು ಶುವೈಖ್‌ನ ಗ್ಯಾರೇಜಿಗೆ, ಅವನು ಮೈದಾನಕ್ಕೆ. ಅಲ್ಲಿ ಸೈನಿಕರು ಲಾರಿ ನಿಲ್ಲಿಸಿದ್ದರು. ಸಿಡಿಮದ್ದು ತೆಗೆಯುವವರು ಬಂದುಹೋಗಿದ್ದರೂ ಮರಳಿನ ತುಂಬ ಗಾಜು, ತಗಡು. ಅಹ್ಮದಿ ಕಡೆ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಎಳೆದ ಬಿಳಿ ಗೆರೆ ಮರುದಿನಕ್ಕೆ ಮಸಿಯಾಗುತ್ತಿತ್ತು.

ಮೊದಲ ಮ್ಯಾಚನ್ನು ಎದುರಾಳಿ ಕಾಲೇಜಿನಲ್ಲೇ ಆಡೋಣ, ಇಲ್ಲಿ ಖಲಾಸ್ ಎಂದರು ಈಜಿಪ್ಟಿನ ಕೋಚ್. ಅಣ್ಣ ಒಪ್ಪಲಿಲ್ಲ. ಹುಡುಗರು ಒಂದು ವರ್ಷ ಚೆಂಡು ಮುಟ್ಟಿಲ್ಲ, ಬೇರೆಯವರ ಅಂಗಳದಲ್ಲಿ ಶುರು ಮಾಡುವುದು ಬೇಡ, ಒಂದು ವಾರ ಕೊಡಿ ಎಂದು ತನ್ನ ಹರುಕು ಅರಬಿಯಲ್ಲಿ ಹಟ ಹಿಡಿದ. ಒಬ್ಬ ಹುಡುಗನಿಗೆ ಗಾಯವಾದರೂ ನಿನ್ನ ಕೆಲಸ ಹೋಗುತ್ತದೆ ಎಂದು ಹೇಳಿಯೇ ಅವರು ಒಪ್ಪಿದ್ದು.

ವಾರವಿಡೀ ಅವನು ಮರಳು ಜರಡಿ ಹಿಡಿದ. ಗುರುವಾರ ನಾನು ರಜೆ ಹಾಕಿ ಹೋದೆ. ದಕ್ಷಿಣದ ಅರ್ಧ ನನಗೆ ಕೊಟ್ಟ. "ಗೋಲಿನ ಮುಂದೆ ಕೈಯಾಡಿಸಿ ನೋಡು ಮಾರಾಯ. ಹುಡುಗರು ಜಾಸ್ತಿ ಬೀಳುವುದು ಅಲ್ಲಿಯೇ."

ಸ್ವಲ್ಪ ಹೊತ್ತು ಜರಡಿ ಹಿಡಿದೆ. ಬಿಸಿಲೆಂದು ಗೇಟಿನ ಹತ್ತಿರ ಬಸ್ ಡ್ರೈವರುಗಳ ಜೊತೆ ಚಹಾಕ್ಕೆ ಕುಳಿತವನು ಸಂಜೆಯೇ ಎದ್ದೆ.

"ಆಯಿತಾ?"

"ಖಲಾಸ್ ಅಣ್ಣ. ಒಂದು ಮೊಳೆ ಸಹ ಇಲ್ಲ."

"ಹಾಗಾದರೆ ನಾಳೆ ನಿನ್ನನ್ನೇ ಗೋಲಿಗೆ ನಿಲ್ಲಿಸುವ" ಎಂದು ನಕ್ಕ.

ಶುಕ್ರವಾರ ಬೆಳಿಗ್ಗೆ ಅವನು ಬರಿಗಾಲಿನಲ್ಲಿ ಹೊರಟ. ದಕ್ಷಿಣದ ಗೋಲಿನ ಮುಂದೆ ನಿಂತ. ಕುಳಿತು ಹೆಬ್ಬೆರಳಿನ ಬುಡದಿಂದ ಗಾಜಿನ ಚೂರು ಕಿತ್ತ, ಹೆಗಲಿನ ಬೈರಾಸು ತೆಗೆದು ಕಾಲಿಗೆ ಬಿಗಿದ. ನನ್ನನ್ನು ಒಮ್ಮೆ ನೋಡಿ, "ಜರಡಿ ತಾ" ಎಂದ. ಮಧ್ಯಾಹ್ನದವರೆಗೆ ಆ ಅರ್ಧವನ್ನು ಇಬ್ಬರೂ ಮತ್ತೆ ಸೋಸಿದೆವು, ಅವನು ಮೊಣಕಾಲೂರಿ. ನರ ಕಡಿದಿತ್ತು. ಆಸ್ಪತ್ರೆಗೆ ಹೋದದ್ದು ಆಟ ಮುಗಿದ ಮೇಲೆ. ಕೋಚ್ ಕೇಳಿದಾಗ, ತಾನೇ ನೋಡದೆ ಕಾಲಿಟ್ಟೆ ಎಂದ. ಮ್ಯಾಚು ಸೋತೆವು. ಆದರೆ ಬಿದ್ದ ಹುಡುಗರೆಲ್ಲ ಎದ್ದು, ಮರಳು ಕೊಡವಿ ಓಡಿದರು.

ಆಮೇಲೆ ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ.

ಹನ್ನೊಂದು ವರ್ಷದ ನಂತರ ಅವನು ಊರಿಗೆ ಖಾಯಂ ಹೊರಟ ದಿನ, ವಿಮಾನ ನಿಲ್ದಾಣದಲ್ಲಿ ಅಂದಿನ ಆಟಗಾರನೊಬ್ಬ ಗುರುತು ಹಿಡಿದು ಅಪ್ಪಿಕೊಂಡ. ನಮ್ಮನ್ನೆಲ್ಲ ಕಾಪಾಡಿ ತಾನು ಮಾತ್ರ ನೋಡದೆ ಗಾಜು ತುಳಿದ ಮನುಷ್ಯ ಎಂದು ನನಗೆ ಹಿಂದಿಯಲ್ಲಿ ಹೇಳಿ ನಕ್ಕ. ಅಣ್ಣನೂ ನಕ್ಕು, ಹೌದು ಭಾಯಿ, ನನ್ನದೇ ಗಡಿಬಿಡಿ ಎಂದ.

ಆ ಆಟಗಾರ ಹೋದ ಮೇಲೆ ನಾನು ಅಣ್ಣನ ಟ್ರಾಲಿಯನ್ನು ಹಿಡಿದು ನಿಲ್ಲಿಸಿದೆ.

"ಅಣ್ಣ, ಆ ದಿನ ಗೋಲಿನ ಮುಂದೆ ನಾನು ನೋಡಲೇ ಇಲ್ಲ. ಚಹಾ ಕುಡಿಯುತ್ತಾ ಕೂತಿದ್ದೆ. ನಿನ್ನ ಹತ್ತಿರ ಸುಳ್ಳು ಹೇಳಿದೆ. ನನ್ನಿಂದ ತಪ್ಪಾಯಿತು."