ಬೆಂಚಿನ ಕೆಳಗಿನ ಹೆಬ್ಬೆಟ್ಟು

ಇಂಥ ಮಾತುಗಳನ್ನು ಯಾರಾದರೂ ಶುರು ಮಾಡಿದರೆ ಅರ್ಧಕ್ಕೇ ಎದ್ದು ಹೋಗುವವನು ನಾನು. ನಮ್ಮಲ್ಲಿ ಹೊಲಿಗೆಗೆ ಬರುವ ಒಬ್ಬಾತ, ಸತ್ತುಹೋದ ತನ್ನ ಅತ್ತೆ ಮಷೀನು ತುಳಿಯುವ ಸದ್ದು ಕೇಳಿಸುತ್ತದೆ ಎಂದು ಕಣ್ಣರಳಿಸಿ ಹೇಳಿದಾಗ, "ಹಂಗಾರ ಆಕಿಗೂ ನಾಕು ಪ್ಯಾಂಟು ಕೊಡಪ್ಪ, ಕೆಲಸ ಜಲ್ದಿ ಮುಗಿತೈತಿ" ಅಂದು ಎಲ್ಲರನ್ನೂ ನಗಿಸಿದ್ದೆ. ಆದ್ದರಿಂದ ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ಪೂರ್ತಿ ಓದಿ ನಗಿ, ಅಷ್ಟೇ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಬೇಕು. ನಮ್ಮೂರು ರಾಯದುರ್ಗ, ಗಡಿಯಾಚೆ ಆಂಧ್ರದಲ್ಲಿದೆ. ಆಫೀಸಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಕನ್ನಡದ ವಾರಪತ್ರಿಕೆಗಳು ಬಳ್ಳಾರಿ ಬಸ್ಸಿನ ಮೇಲೆ ಒಂದು ದಿನ ತಡವಾಗಿ ಬರುತ್ತಿದ್ದವು. ಬಸ್ ಸ್ಟ್ಯಾಂಡಿನ ಪೇಪರ್ ಬಂಕಿನವನು ಬಂಡಲಿನ ದಾರ ಕತ್ತರಿಸುವ ಮೊದಲೇ ನಾನು ಅಲ್ಲಿ ನಿಂತಿರುತ್ತಿದ್ದೆ. ಕಥೆ, ಧಾರಾವಾಹಿ ಬೇಕಾದವರಿಗಿರಲಿ, ನನಗೆ ಬೇಕಾದದ್ದು ವ್ಯಂಗ್ಯಚಿತ್ರ. ಪತ್ರಿಕೆಯ ವಿಳಾಸ ಹುಡುಕಿ ಚಿತ್ರಕಾರರಿಗೆ ಕಾರ್ಡು ಬರೆಯುತ್ತಿದ್ದೆ: ಒಂದು ಸಹಿ ಹಾಕಿ ಕಳಿಸಿ, ಮನಸ್ಸಾದರೆ ನಿಮ್ಮ ಕೈಯಾರೆ ಬರೆದ ಒಂದು ಮೂಲಚಿತ್ರ ಕೊಡಿ. ಸಹಿಗಳು ಬಂದವು. ಒಬ್ಬರು ಸಹಿಯ ಪಕ್ಕದಲ್ಲಿ ತಮ್ಮ ದಪ್ಪ ಮೂಗನ್ನೂ ಬರೆದು ಕಳಿಸಿದರು. ಕೆಲವು ಮೂಲಚಿತ್ರಗಳೂ ಸಿಕ್ಕವು. ಮಸಿಯ ಅಡಿಯಲ್ಲಿ ಪೆನ್ಸಿಲ್ ಗೆರೆ, ತಪ್ಪಿದ ಕಡೆ ಬಳಿದ ಬಿಳಿ ಬಣ್ಣ, ಅಂಚಿನಲ್ಲಿ ಸಂಪಾದಕರ ಕೈಬರಹದ ಅಳತೆ, ಇವೆಲ್ಲ ಅಚ್ಚಿನಲ್ಲಿ ಕಾಣುವುದಿಲ್ಲ. ಅವನ್ನು ನೋಡುತ್ತಾ ಕುಳಿತರೆ ನನಗೆ ಊಟದ ಪರಿವೆ ಇರುತ್ತಿರಲಿಲ್ಲ.

ಮೂಲ ಯಾವುದು, ನಕಲು ಯಾವುದು ಎಂದು ತಿಳಿಯಲು ನನ್ನದೊಂದು ಪರೀಕ್ಷೆಯಿತ್ತು. ಬೆಂಗಳೂರಿನ ಫುಟ್‌ಪಾತಿನಲ್ಲಿ ಒಬ್ಬ ಪುಣ್ಯಾತ್ಮ ಜೆರಾಕ್ಸನ್ನೇ ಮೂಲಚಿತ್ರವೆಂದು ನನ್ನ ತಲೆಗೆ ಕಟ್ಟಿದ ಮೇಲೆ ಕಲಿತದ್ದು. ಬ್ರಷ್ಷಿನಲ್ಲಿ ಎಳೆದ ಮಸಿ ಕಾಗದದ ಮೇಲೆ ಒಂಚೂರು ಉಬ್ಬಿರುತ್ತದೆ. ಹೆಬ್ಬೆರಳನ್ನು ಹಗುರವಾಗಿ ಆಡಿಸಿದರೆ ಗೊತ್ತಾಗುತ್ತದೆ. ಅಚ್ಚಾದದ್ದು, ಜೆರಾಕ್ಸ್ ಮಾಡಿದ್ದು ನುಣ್ಣಗಿರುತ್ತದೆ.

ಆ ಕಾಲದಲ್ಲಿ ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ನಗೆಹನಿ ಬರೆದು ಪತ್ರಿಕೆಗೆ ಕಳಿಸಿದೆ. ಅವರು ಅದನ್ನು ಆರಿಸಿದ್ದಷ್ಟೇ ಅಲ್ಲ, ನಾನು ದೇವರಂತೆ ಕಾಣುತ್ತಿದ್ದ ಚಿತ್ರಕಾರರ ಕೈಯಲ್ಲೇ ಅದಕ್ಕೆ ಚಿತ್ರ ಬರೆಸಿದರು. ದರ್ಜಿಯೊಬ್ಬ ಹುಡುಗನಿಗೆ "ನಾಳೆ ಖಂಡಿತ ಕೊಡ್ತೀನಿ" ಅನ್ನುತ್ತಿದ್ದಾನೆ. ಪಕ್ಕದ ಬೆಂಚಿನ ಮೇಲೆ ಸೊಂಟದವರೆಗೆ ಬಿಳಿ ಗಡ್ಡ ಬಿಟ್ಟ ಮುದುಕ. "ನನ್ನ ಮದುವೆ ಸೂಟಿಗೂ ಹೀಗೇ ಹೇಳಿದ್ದ" ಎಂದು ಅವನ ಮಾತು. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು, ನಮ್ಮೂರಿನ ಹೆಸರು. ನಾನು ಆ ಹಾಳೆಯನ್ನು ಕತ್ತರಿಸಿ, ಸಹಿ, ಚಿತ್ರಗಳನ್ನೆಲ್ಲ ಇಡುತ್ತಿದ್ದ ಡಬ್ಬದಲ್ಲಿಟ್ಟುಕೊಂಡೆ. ಬಳ್ಳಾರಿಯಲ್ಲಿದ್ದ ನಮ್ಮ ಅಕ್ಕ ಇಡೀ ಸಂಚಿಕೆಯನ್ನೇ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಆ ಚಿತ್ರದ ಮೂಲ ಕೊಡಿ ಎಂದು ಚಿತ್ರಕಾರರಿಗೆ ಬರೆದೆ, ಮತ್ತೆ ಬರೆದೆ, ಸ್ಟಾಂಪು ಹಚ್ಚಿದ ಕವರು ಇಟ್ಟು ಬರೆದೆ. ಉತ್ತರವೇ ಬರಲಿಲ್ಲ. ಆ ಒಂದು ಚಿತ್ರ ಸಿಕ್ಕರೆ ಡಬ್ಬದಲ್ಲಿರುವುದನ್ನೆಲ್ಲ ಕೊಟ್ಟುಬಿಡುತ್ತೇನೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆಮೇಲೆ ನಮ್ಮೂರಿಗೆ ಜೀನ್ಸ್ ಬಂತು. ಓಣಿ ಓಣಿಯಲ್ಲಿ ಮಷೀನು. ಹೊಲಿಗೆ ಬಂದವರು ಇಲ್ಲಿ ಕುಳಿತರು, ಉಳಿದವರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ನಾನು ಕಟಿಂಗ್ ಮಾಸ್ಟರ್ ಆದೆ. ಒಂದು ದಿನ ದಪ್ಪ ಬಟ್ಟೆಯ ಮೇಲೆ ಓಡುತ್ತಿದ್ದ ಕಟಿಂಗ್ ಬ್ಲೇಡು ನನ್ನ ಬಲಗೈ ಹೆಬ್ಬೆರಳ ಮೇಲೂ ಓಡಿತು. ಬೆರಳು ಉಳಿಯಿತು. ಆದರೆ ತುದಿಯಿಂದ ಓರೆಯಾಗಿ ಒಂದು ಗಾಯದ ಗೆರೆ ನಿಂತುಬಿಟ್ಟಿತು. ಈಗಲೂ ಎಲ್ಲಾದರೂ ಹೆಬ್ಬೆಟ್ಟು ಒತ್ತಿದರೆ ನಡುವೆ ಓರೆಯಾದ ಒಂದು ಖಾಲಿ ಗೆರೆ ಬೀಳುತ್ತದೆ. ಇದನ್ನು ನೆನಪಿಡಿ. ಚಿತ್ರ ಅಚ್ಚಾದಾಗ ನನ್ನ ಹೆಬ್ಬೆರಳು ಸರಿಯಾಗಿಯೇ ಇತ್ತು. ಗಾಯವಾದದ್ದು ಅದಾಗಿ ಎಷ್ಟೋ ವರ್ಷದ ಮೇಲೆ.

ನಾನೇ ನಾಲ್ಕು ಮಷೀನು ಹಾಕಿಕೊಂಡ ಮೇಲೆ ಪ್ಯಾಂಟು ಮಾರಲು ಊರೂರು ತಿರುಗಬೇಕಾಯಿತು. ಹಾಗೆ ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಿಸುತ್ತಾ ಮಡಕಶಿರಾಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಈರಲಿಂಗ ಎಂಬುವನ ಸಣ್ಣ ಅಂಗಡಿ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದು ಊರಿಗೆ ವಾಪಸಾದವನು. ಫ್ಯಾಕ್ಟರಿಯಲ್ಲಿ ಪಾಸಾಗದ ಶರ್ಟುಗಳನ್ನು ತಂದು ಮಾರುತ್ತಿದ್ದ. ನಾನು ಬ್ಯಾಗು ಇಳಿಸಿ ತಲೆಯೆತ್ತಿದರೆ ಗೋಡೆಯ ಮೇಲೆ, ಶರ್ಟಿನ ಪ್ಲಾಸ್ಟಿಕ್ ಕವರಿನೊಳಗೆ, ನನ್ನ ಮುದುಕ ಬೆಂಚಿನ ಮೇಲೆ ಕುಳಿತಿದ್ದಾನೆ! ಅಚ್ಚಾದದ್ದಕ್ಕಿಂತ ಎರಡರಷ್ಟು ದೊಡ್ಡದು. ಪೆನ್ಸಿಲ್ ಗೆರೆ ಕಾಣುತ್ತಿತ್ತು. ಕೆಳಗೆ "ಪ್ರೀತಿಯ ಈರಲಿಂಗನಿಗೆ" ಎಂದು ಬರೆದು ಸಹಿ.

"ಅದಾ? ಬೆಂಗಳೂರಲ್ಲಿ ನಮ್ ರೂಮಿನ ಮೇಲ್ಗಡೆ ಒಬ್ರು ತಾತ ಇದ್ರು ಕಣಣ್ಣ," ಅಂದ ಈರಲಿಂಗ. "ಅವ್ರಿಗೆ ಗ್ಯಾಸ್ ಸಿಲಿಂಡರ್ ಹೊತ್ಕೊಂಡೋಗಿ ಇಡ್ತಿದ್ದೆ. ರೂಮ್ ಖಾಲಿ ಮಾಡಿ ಊರಿಗೆ ಹೊರಟಾಗ, ತಗೋಳಪ್ಪ ಅಂತ ಕೊಟ್ರು. ನಾನೇನೂ ಕೇಳ್ಲಿಲ್ಲ. ಆಮೇಲೆ ತಾತ ತೀರ್ಕೊಂಡ್ರಂತೆ, ಪಾಪ."

ಆ ಚಿತ್ರಕಾರರು ತೀರಿಕೊಂಡದ್ದು ನನಗೆ ಗೊತ್ತಿತ್ತು. ನನ್ನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು: ನಾನೇನೂ ಕೇಳಲಿಲ್ಲ. ಕೇಳಿ ಕೇಳಿ ಸಾಕಾದವನು ನಾನು, ಕೇಳದೆ ಪಡೆದವನು ಇವನು. ಅದು ನನ್ನ ನಗೆಹನಿ ಎಂದು ಹೇಳಿದೆ. "ಹೌದಾ? ನಂಗೆ ಅದು ಅರ್ಥ ಆಗಾಕೆ ಎರಡು ದಿನ ಹಿಡೀತು ನೋಡು," ಎಂದು ಹಲ್ಲು ಬಿಟ್ಟ. 

ಆಮೇಲೆ ಪ್ಯಾಂಟು ಮಾರುವ ನೆಪದಲ್ಲಿ ಎಷ್ಟು ಸಲ ಹೋದೆನೋ. ನನ್ನ ಹತ್ತಿರವಿದ್ದ ಸಹಿಗಳನ್ನೆಲ್ಲ ಕೊಡುತ್ತೇನೆ ಅಂದೆ. ಈರಲಿಂಗ ಕೆಟ್ಟವನಲ್ಲ. ಆದರೆ ಆಟ ಆಡಿಸುವುದೆಂದರೆ ಅವನಿಗೆ ಹಬ್ಬ. "ನೀನು ಇಷ್ಟೊಂದು ಆಸೆ ಪಡ್ತೀಯ ಅಂದ್ರೆ ಇದ್ರಲ್ಲಿ ಏನೋ ಐತೆ ಅಂತ ಆಯ್ತು. ಇನ್ನು ಕೊಡಾಕಿಲ್ಲ ಬಿಡಣ್ಣ," ಅಂದ. ಅಂಗಡಿಗೆ ಬಂದವರಿಗೆಲ್ಲ ಆ ಚಿತ್ರ ತೋರಿಸಿ, ತಾತನಿಗೂ ತನಗೂ ಇದ್ದ ಸ್ನೇಹವನ್ನು ದಿನಕ್ಕಿಷ್ಟು ಬೆಳೆಸುತ್ತಿದ್ದ. ನಾನು ಪಕ್ಕದಲ್ಲಿ ಪ್ಯಾಂಟು ಮಡಿಚುತ್ತಾ ಕೇಳಿಸಿಕೊಳ್ಳಬೇಕು. ಚಿತ್ರದ ಕೆಳಗೆ ಅವನ ಹೆಸರಿದೆ, ನನ್ನದಿಲ್ಲ. ಅದೇ ನನ್ನನ್ನು ತಿನ್ನುತ್ತಿತ್ತು.

ಒಂದು ಮಧ್ಯಾಹ್ನ, ಕಡೆಗೂ ನನ್ನ ಕಾಟ ತಾಳಲಾರದೆ, ಕವರಿನಿಂದ ಚಿತ್ರವನ್ನು ಹೊರಗೆ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. "ನೋಡ್ಕೋ ಹೋಗು," ಅಂದ. ಅಷ್ಟರಲ್ಲಿ ಗುಡಿಬಂಡೆ ಕಡೆಯ ಇಬ್ಬರು ಹೆಂಗಸರು ಶರ್ಟು ಕೇಳಿಕೊಂಡು ಬಂದರು. ಅವನು ಆ ಕಡೆ ತಿರುಗಿದ. ಹೊರಗೆ ರಣಬಿಸಿಲು, ಒಳಗೆ ಕಣ್ಣಿಗೆ ಕಾಣುವಷ್ಟು ಬೆಳಕು. ನನಗೆ ನಿದ್ದೆಗಣ್ಣಿರಲಿಲ್ಲ, ಜ್ವರವಿರಲಿಲ್ಲ. ಅಭ್ಯಾಸಬಲದಿಂದ ಹೆಬ್ಬೆರಳನ್ನು ಮುದುಕನ ಕಪ್ಪು ಬೂಟಿನ ಮೇಲೆ ಹಗುರವಾಗಿ ಆಡಿಸಿದೆ.

ತಣ್ಣಗಿತ್ತು. ಒದ್ದೆಯಾಗಿತ್ತು.

ಹಸಿ ಮಸಿಯ ವಾಸನೆ ಮೂಗಿಗೆ ಬಂತು. ಬೆಚ್ಚಿಬಿದ್ದು ಕೈ ಎಳೆದುಕೊಳ್ಳುವಾಗ ಹೆಬ್ಬೆರಳು ಬೆಂಚಿನ ಕೆಳಗಿನ ಖಾಲಿ ಜಾಗಕ್ಕೆ ತಾಗಿತು. ನೋಡಿದರೆ ಅಲ್ಲಿ ಅಚ್ಚುಕಟ್ಟಾಗಿ ಒಂದು ಹೆಬ್ಬೆಟ್ಟು, ನಡುವೆ ಓರೆಯಾದ ಖಾಲಿ ಗೆರೆ.

ಈರಲಿಂಗ ತಿರುಗಿ ನೋಡಿದವನೇ ನನ್ನ ಕೈ ಹಿಡಿದುಕೊಂಡ. ಕಪ್ಪಾಗಿದ್ದ ಬೆರಳು ನೋಡಿ, ಚಿತ್ರ ನೋಡಿ, ಅವನ ಮುಖ ಬಿಳಿಚಿತು. "ಬೇಕೂಂತ ಮಾಡ್ದೆ! ಮಸಿ ಹಚ್ಕೊಂಡೇ ಬಂದಿದ್ದೀಯ ನೀನು. ಹೊಟ್ಟೆಕಿಚ್ಚಿಗೆ ಹಿಂಗ್ ಮಾಡಾದಾ?"

"ಇಲ್ಲಪ್ಪ, ಅದು ಹಸಿ ಐತಿ, ಬೇಕಾರ ನೀನ ಮುಟ್ಟಿ ನೋಡು," ಅಂದೆ.

ಅವನು ಬೂಟನ್ನು ಮುಟ್ಟಿದ. ಉಗುರಿನಿಂದ ಕೆರೆದ. ಕಾಗದದ ಮೇಲಿದ್ದ ನನ್ನ ಹೆಬ್ಬೆಟ್ಟಿನ ಗುರುತನ್ನೂ ಕೆರೆದ. ಅವನ ಬೆರಳಿಗೆ ಒಂದು ಚೂರೂ ಹತ್ತಲಿಲ್ಲ. ಎಲ್ಲ ಒಣಗಿ ಹೋಗಿತ್ತು. ಆ ಹೆಂಗಸರ ಮುಂದೆಯೇ "ಇನ್ಮೇಲೆ ಈ ಕಡೆ ತಲೆ ಹಾಕ್ಬ್ಯಾಡ," ಎಂದು ನನ್ನ ಬ್ಯಾಗನ್ನು ರಸ್ತೆಗೆ ಇಟ್ಟ. ಹೊಟ್ಟೆಕಿಚ್ಚು ಇದ್ದದ್ದು ನಿಜ, ಅದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಆದರೆ ಆ ಚಿತ್ರವನ್ನು ಕೆಡಿಸುವುದೇ? ಅದಕ್ಕಿಂತ ನನ್ನ ಬೆರಳನ್ನೇ ಪೂರ್ತಿ ಕೊಯ್ದುಕೊಂಡೇನು.

ಮನೆ ಸೇರಿದಾಗ ಬೆರಳಿನ ಮಸಿ ಹಾಗೇ ಇತ್ತು. "ಯಾವ ಕಾಗದಕ್ಕ ಹೆಬ್ಬೆಟ್ಟು ಒತ್ತಿ ಬಂದ್ರಿ? ಮನಿ ಏನಾರ ಬರ್ದು ಕೊಟ್ರೇನು?" ಎಂದು ಹೆಂಡತಿ ಕೇಳಿದಳು. ನಾನು ಡಬ್ಬ ತೆಗೆದೆ. ಕೆಡದೆ ಇದ್ದಾಗ ಆ ಚಿತ್ರ ಹೇಗಿತ್ತು ಎಂದು ಒಮ್ಮೆ ನೋಡಬೇಕು ಅನಿಸಿತ್ತು. ಕತ್ತರಿಸಿಟ್ಟ ಆ ಹಳೆಯ ಹಾಳೆಯನ್ನು ಬಿಡಿಸಿದೆ. ಬೆಂಚಿನ ಕೆಳಗೆ ಹೆಬ್ಬೆಟ್ಟಿತ್ತು. ಸಣ್ಣದಾಗಿ, ಚಿತ್ರದ ಅಳತೆಗೆ ತಕ್ಕಷ್ಟು. ನಡುವೆ ಓರೆಯಾದ ಖಾಲಿ ಗೆರೆ.

ನನ್ನ ಕೈಯ ಮಸಿಯೇ ಹತ್ತಿತೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಕೈ ತೊಳೆದು ಬಂದು ಉಜ್ಜಿದೆ. ಹೋಗಲಿಲ್ಲ. ಅದು ಅಚ್ಚು. ಉಳಿದ ಗೆರೆಗಳಂತೆಯೇ ನುಣ್ಣಗಿತ್ತು. ಆ ಹಾಳೆಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಮುದುಕನ ಗಡ್ಡದಲ್ಲಿ ಯಾವ ಗೆರೆ ಎಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅಲ್ಲಿ ಏನೂ ಇರಲಿಲ್ಲ.

ಮಾರನೆಯ ದಿನವೇ ಬಳ್ಳಾರಿಗೆ ಓಡಿದೆ. ಅಕ್ಕ ಟ್ರಂಕು ತೆಗೆದು ಸಂಚಿಕೆ ಕೊಟ್ಟಳು. ಅದರಲ್ಲೂ ಇತ್ತು. "ಇದು ಮೊದ್ಲಿಂದನೂ ಐತಲ್ಲೋ," ಅಂದಳು ಅಕ್ಕ. "ಪ್ರೆಸ್ಸಿನವ್ರ ಯಾರ್ದಾರ ಮಸಿ ಕೈ ಅಂತ ತಿಳ್ಕೊಂಡಿದ್ದೆ." ನಮ್ಮ ಅಕ್ಕ ಯಾರು ಏನು ಕೇಳಿದರೂ ಮೊದಲೇ ಗೊತ್ತಿತ್ತು ಅನ್ನುವವಳು. ಆದ್ದರಿಂದ ಅವಳ ಮಾತನ್ನು ನಂಬಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ನಾನು ತಪ್ಪು ಮಾಡಿಲ್ಲ ಎಂದು ತೋರಿಸಲು ಹಾಳೆ, ಸಂಚಿಕೆ ಎರಡನ್ನೂ ಹಿಡಿದುಕೊಂಡು ಮಡಕಶಿರಾಕ್ಕೆ ಹೋದೆ. ಈರಲಿಂಗ ಮೊದಲು ಬೈದ. ಆಮೇಲೆ ಅವನ್ನು ನನ್ನ ಕೈಯಿಂದ ಕಿತ್ತುಕೊಂಡು ಗೋಡೆಯ ಚಿತ್ರದ ಪಕ್ಕ ಹಿಡಿದ. ಗಾಯದ ಗೆರೆ ನೋಡಿದ. ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.  "ದಿನಾ ಬೆಳಿಗ್ಗೆ ಊದುಕಡ್ಡಿ ಹಚ್ಚಿ ನೋಡೋ ಚಿತ್ರ ಇದು. ಈ ಗುರುತು ಮೊದ್ಲು ಇರ್ಲಿಲ್ಲ ಕಣಣ್ಣ," ಅಂದ ಕಡೆಗೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ನೀರು ಕುಡಿದು ಬರಲು ಪಕ್ಕದ ಹೋಟೆಲಿಗೆ ಹೋಗಿ ಬಂದೆ. ಬಂದಾಗ ಅವನು ಚಿತ್ರವನ್ನು ಕವರಿನಿಂದ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟಿದ್ದ. ತನ್ನ ಹೆಬ್ಬೆರಳನ್ನು ಮುದುಕನ ಬೂಟಿಗೆ ಒತ್ತುವುದು, ಆಮೇಲೆ ನನ್ನ ಗುರುತಿನ ಪಕ್ಕದ ಖಾಲಿ ಜಾಗಕ್ಕೆ ಒತ್ತುವುದು. ಮತ್ತೆ ಬೂಟು, ಮತ್ತೆ ಖಾಲಿ ಜಾಗ. ಏನೂ ಹತ್ತುತ್ತಿರಲಿಲ್ಲ. ಒತ್ತಿ ಒತ್ತಿ ಬೆರಳು ಕೆಂಪಾಗಿತ್ತು. ನನ್ನನ್ನು ಕಂಡು ನಾಚಿಕೊಳ್ಳಲೂ ಇಲ್ಲ. "ನಂದೇನಣ್ಣ, ಇದೊಂದು ಕಾಗ್ದ. ನೀನು ಅಚ್ಚಾದ ಎಲ್ಲಾ ಪುಸ್ತಕದಾಗೂ ಇದ್ದೀಯ," ಅಂದ. ಅವನ ಮುಖದಲ್ಲಿದ್ದದ್ದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ನಾನು ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೆ. ನಿಜ ಹೇಳುತ್ತೇನೆ, ಹೆದರಿಕೆಯ ನಡುವೆಯೂ ನನಗೆ ಹಿತವಾಯಿತು.

ಪ್ಲಾಸ್ಟಿಕ್ ಕವರಿನೊಳಗೆ ಬೆವರಿ ಮಸಿ ಹಸಿಯಾಗಿರಬಹುದು ಎಂದು ತಿಳಿದವರೊಬ್ಬರು ಹೇಳಿದರು. ಆಗಿರಬಹುದು. ಅಚ್ಚಾದ ಹಾಳೆಗೆ ಏನು ಹೇಳುತ್ತೀರಿ ಅಂದೆ. ನಿನ್ನ ಕಣ್ಣಿಗೆ ಮೊದಲು ಬಿದ್ದಿರಲಿಕ್ಕಿಲ್ಲ ಅಂದರು. ಹಾಗಾದರೆ ಗಾಯದ ಗೆರೆ? ಅದಕ್ಕೆ ಅವರು ಟೀ ತರಿಸಿದರು. 

ಚಿತ್ರ ಈಗಲೂ ಮಡಕಶಿರಾದಲ್ಲೇ ಇದೆ, ಈರಲಿಂಗ ಕೊಟ್ಟಿಲ್ಲ. ಆಗಾಗ ಫೋನು ಮಾಡುತ್ತಾನೆ. "ದಿನಾ ಒತ್ತಿ ನೋಡ್ತೀನಣ್ಣ, ಒಂದಲ್ಲಾ ಒಂದಿನ ಹಸಿ ಆಗದೆ ಇರ್ತೈತಾ," ಅನ್ನುತ್ತಾನೆ. ನಾನು ನಗುತ್ತೇನೆ. ಫೋನು ಇಟ್ಟ ಮೇಲೆ ಮಾತ್ರ ಸುಮ್ಮನೆ ಕೂರಲು ಆಗುವುದಿಲ್ಲ. ಡಬ್ಬ ತೆಗೆದು ಆ ಹಾಳೆಯನ್ನು ಬಿಡಿಸುತ್ತೇನೆ. ಮೊದಲು ನನ್ನ ಕಣ್ಣು ಹೋಗುವುದು ನನ್ನ ಹೆಬ್ಬೆಟ್ಟಿನ ಕಡೆಗಲ್ಲ, ಅದರ ಪಕ್ಕದ ಖಾಲಿ ಜಾಗದ ಕಡೆಗೆ. ಇವತ್ತು ಬೆಳಿಗ್ಗೆಯೂ ನೋಡಿದೆ. ಇನ್ನೂ ಖಾಲಿಯಾಗಿಯೇ ಇದೆ.