ಕೊಂಬಯ್ಯನ ಬಲಗೈ

ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಕ್ಸ್‌ರೇ ಕೋಣೆಯಲ್ಲಿ ದಿನಕ್ಕೆ ಎಪ್ಪತ್ತು ಸಲ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಅನ್ನುತ್ತಾನಲ್ಲ, ಹಾಗಾಗಿ ಎಲ್ಲರಿಗೂ ಉಸಿರಣ್ಣ. ವಯಸ್ಸು ಐವತ್ತೊಂದು. ತಲೆಯ ಮೇಲೆ ಕೂದಲು ಎಣಿಸಿ ಮುಗಿಸುವಷ್ಟು, ಮನೆಯ ಗಾಜಿನ ಕಪಾಟಿನಲ್ಲಿ ಜಪಾನಿನ ರೋಬೋಟ್ ಗೊಂಬೆಗಳು ಇಪ್ಪತ್ತೇಳು. ಕೂದಲು ಹೋದದ್ದಕ್ಕೆ ಅವನು ಒಂದು ದಿನವೂ ಕೊರಗಿದವನಲ್ಲ. ಆ ಗಾಜಿನ ಮೇಲೆ ಯಾರಾದರೂ ಬೆರಳಿಟ್ಟರೋ, ಮೈಯೆಲ್ಲ ಉರಿಯುತ್ತದೆ.

"ಮದುವೆ ಮಾತು ಆಡೋವಾಗ ಒಬ್ಬನೇ ಮೈದುನ ಅಂದಿದ್ರು. ಬಂದು ನೋಡಿದ್ರೆ ಇಪ್ಪತ್ತೆಂಟು ಜನ," ಎಂದು ಅವನ ಹೆಂಡತಿ ಇವತ್ತಿಗೂ ಬಂದವರ ಮುಂದೆ ಹೇಳುತ್ತಾಳೆ. ವಾರಕ್ಕೊಮ್ಮೆ ಧೂಳು ಒರೆಸುವವಳೂ ಅವಳೇ.

ಈ ಹುಚ್ಚು ಹತ್ತಿಸಿದ್ದು ಸೋದರಮಾವ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಆಸಾಮಿ. ಹಡಗು ಜಪಾನ್ ಮುಟ್ಟಿ ಬಂದಾಗಲೆಲ್ಲ ಅವನ ಪೆಟ್ಟಿಗೆಯಲ್ಲಿ ಒಂದು ರೋಬೋಟ್ ಇರುತ್ತಿತ್ತು, ಜೊತೆಗೆ ಒಂದು ಕಥೆ. ಮಾವನಿಗೆ ಜಪಾನಿ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಬಂದರಿನ ಹೋಟೆಲುಗಳ ಟೀವಿಯಲ್ಲಿ ಕಾರ್ಟೂನು ನೋಡಿ, ಅರ್ಥವಾಗದ ಜಾಗವನ್ನೆಲ್ಲ ತನ್ನ ಅಡುಗೆಮನೆಯ ಸಂಗತಿಯಿಂದ ತುಂಬಿಬಿಡುತ್ತಿದ್ದ. ಹಾಗಾಗಿ ಅವನ ಕಥೆಗಳಲ್ಲಿ ರಾಕ್ಷಸರು ಭೂಮಿಯ ಮೇಲೆ ಏರಿ ಬರುತ್ತಿದ್ದದ್ದು ಊಟ ತಡವಾಯಿತು ಎಂಬ ಕಾರಣಕ್ಕೆ. ಅಣ್ಣತಮ್ಮಂದಿರಿಬ್ಬರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಡಬ್ಬದ ಮೇಲಿನ ಅಕ್ಷರ ಓದಲು ಬಾರದ್ದಕ್ಕೆ ಹೆಸರನ್ನೂ ತಾವೇ ಇಟ್ಟರು: ಡಬ್ಬಿಹೊಟ್ಟೆ, ಕೆಂಪುಮೂತಿ, ಮೂರುಕಾಲಪ್ಪ.

ಎಲ್ಲರಿಗೂ ಯಜಮಾನ ಕೊಂಬಯ್ಯ. ಮೊಳದುದ್ದದ ನೀಲಿ ಮೈ, ತಲೆಯ ಮೇಲೆ ಎರಡು ಹಳದಿ ಕೊಂಬು. ಮೊಣಕೈಯ ಗುಂಡಿ ಒತ್ತಿದರೆ ಹೆಬ್ಬೆರಳ ತುದಿಯಷ್ಟಿದ್ದ ಮುಷ್ಟಿ ಟಪ್ಪನೆ ಹಾರುತ್ತಿತ್ತು. ಅಪ್ಪನ ಹಣೆಗೆ ಎರಡು ಸಲ ಬಡಿದಿತ್ತು.

ಅವನಿಗೆ ಒಂಬತ್ತು, ತಮ್ಮನಿಗೆ ನಾಲ್ಕು ವರ್ಷವಿದ್ದಾಗ ಒಂದು ದಿನ ಅವನು ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿ ಗಲಾಟೆ: ಕೊಂಬಯ್ಯನ ಬಲಮುಷ್ಟಿ ಮಾಯ. ತಮ್ಮ ಗೊಂಬೆಯ ಪಕ್ಕದಲ್ಲೇ ಕೂತು ಏನೋ ಜಗಿಯುತ್ತಿದ್ದ. ಅಮ್ಮ "ನುಂಗಿದ್ಯೇನೋ?" ಎಂದು ಕೇಳಿದಳು. ಮನೆಮಂದಿಯೆಲ್ಲ ತನ್ನನ್ನೇ ನೋಡುತ್ತಿರುವುದು ಕಂಡು ಮಗು ಖುಷಿಯಿಂದ ತಲೆಯಾಡಿಸಿತು. ಸರಿ, ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ಪ್ಲಾಸ್ಟಿಕ್ಕು ಕಾಣಲ್ಲ, ಬಾಳೆಹಣ್ಣು ಕೊಡ್ತಾ ಇರಿ, ತಾನಾಗೇ ಬರುತ್ತೆ," ಎಂದರು ಡಾಕ್ಟರು. ಮೂರು ದಿನ ಬಾಳೆಹಣ್ಣು ನಡೆಯಿತು, ಅಮ್ಮ ಕಡ್ಡಿ ಹಿಡಿದು ಕಾದಳು, ಮುಷ್ಟಿ ಬರಲೇ ಇಲ್ಲ. ಆ ದಿನ ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿದ ಚಿತ್ರದಲ್ಲಿ ತಮ್ಮನ ಪಕ್ಕೆಲುಬುಗಳನ್ನು ಕಂಡು ಅಣ್ಣ ಮೈಮರೆತಿದ್ದ. ಮುಂದೆ ಓದಿದ್ದೂ ಅದನ್ನೇ, ಹೊಟ್ಟೆ ಹೊರೆದದ್ದೂ ಅದರಿಂದಲೇ.

ತಮ್ಮನಿಗೆ ಸಿಕ್ಕಿದ್ದು ನುಂಗಪ್ಪ ಎಂಬ ಹೆಸರು. ಬೀಗ ರಿಪೇರಿ ಕಲಿತು, ಸ್ವಂತ ಅಂಗಡಿ ಇಟ್ಟು, ತಲೆ ನರೆತರೂ ಆ ಹೆಸರು ಬಿಡಲಿಲ್ಲ. ಬಿಡಲು ಬಿಡಬೇಕಲ್ಲ? ಸಿಕ್ಕಸಿಕ್ಕಲ್ಲಿ ಆ ಕಥೆಗೆ ಕೈಕಾಲು ಮೂಡಿಸಿ ಹೇಳುತ್ತಿದ್ದವನು ನಮ್ಮ ಉಸಿರಣ್ಣನೇ. ತಿಂಗಳ ಹಿಂದೆ ತಮ್ಮನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆಯೂ ಹೇಳಿದ, ಅಮ್ಮನ ಕಡ್ಡಿಯ ಸಮೇತ. ಅವರು ಬಿದ್ದು ಬಿದ್ದು ನಕ್ಕರು. ಅವರು ಹೋದ ಮೇಲೆ ತಮ್ಮ ಎದ್ದು ನಿಂತ.

"ನಾನು ನುಂಗಿಲ್ಲ ಅಂತ ನಿನ್ನ ಬಾಯಲ್ಲೇ ಬರೋವರೆಗೂ ನಿನ್ನ ಮನೆ ಹೊಸಿಲು ತುಳಿಯಲ್ಲ ಅಣ್ಣ."

ನಾಲ್ಕು ಭಾನುವಾರ ಕಳೆದವು, ತಮ್ಮ ಬರಲಿಲ್ಲ. ಉಸಿರಣ್ಣನಿಗೆ ಊಟ ರುಚಿಸಲಿಲ್ಲ. ಕಪಾಟಿನ ಮುಂದೆ ಕೂತರೆ ಮಾತಾಡಲು ಜನವಿಲ್ಲ. ಡಬ್ಬಿಹೊಟ್ಟೆಯ ಕಥೆ ತಿಳಿದ ಇನ್ನೊಂದು ಜೀವ ಈ ಭೂಮಿಯ ಮೇಲೆ ತಮ್ಮನೊಬ್ಬನೇ. ಫೋನ್ ಮಾಡೋಣವೆಂದರೆ ಬಿಗುಮಾನ. ನುಂಗಿದವನನ್ನು ನುಂಗಿಲ್ಲ ಎನ್ನುವುದು ಹೇಗೆ, ನೀವೇ ಹೇಳಿ.

ಹೀಗಿರುವಾಗ ಒಂದು ಬೆಳಿಗ್ಗೆ ಕೈ ಮುರಿದುಕೊಂಡ ಏಳು ವರ್ಷದ ಹುಡುಗಿಯೊಬ್ಬಳು ಬಂದಳು. ಹೆದರಿದ ಮಕ್ಕಳಿಗೆಂದು ಅವನು ಕೊಂಬಯ್ಯನನ್ನು ಕೋಣೆಯಲ್ಲೇ ಇಟ್ಟಿರುತ್ತಿದ್ದ. "ನೋಡು, ಇವನಿಗೆ ಕೈಯೇ ಇಲ್ಲ, ಆದ್ರೂ ಅಳ್ತಾನಾ?" ಎಂದರೆ ಎಂಥ ಮಗುವೂ ಸುಮ್ಮನಾಗುತ್ತಿತ್ತು. ಈ ಹುಡುಗಿ ಕೈ ಕೊಟ್ಟಳು, ಚಿತ್ರ ತೆಗೆಸಿಕೊಂಡಳು, ಆಮೇಲೆ ಜಾಗ ಬಿಟ್ಟು ಏಳಲಿಲ್ಲ.

"ಈಗ ಇವನದ್ದು ತೆಗೀರಿ."

"ಅವನಿಗೆ ಮೂಳೆ ಇಲ್ಲಮ್ಮ."

"ತೆಗೀದೆ ಹೇಗೆ ಗೊತ್ತಾಗುತ್ತೆ?"

ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹುಡುಗಿಯನ್ನು ಗಾಜಿನ ಹಿಂದೆ ಕರೆದುಕೊಂಡು, ಕೊಂಬಯ್ಯನನ್ನು ಮಲಗಿಸಿ, ಅಭ್ಯಾಸಬಲದಿಂದ "ಉಸಿರು ಹಿಡ್ಕೊಳ್ಳಿ" ಅಂದು ಗುಂಡಿ ಒತ್ತಿದ. ಪರದೆಯ ಮೇಲೆ ಚಿತ್ರ ಮೂಡಿತು. ಟೊಳ್ಳು ಮೈಯ ಒಳಗೆ, ಸರಿಯಾಗಿ ಹೊಟ್ಟೆಯ ಜಾಗದಲ್ಲಿ, ಮಡಚಿದ ಬೆರಳುಗಳ ಮಸುಕು ನೆರಳು, ಅದರ ನಡುವೆ ಬೆಳ್ಳಗೆ ಒಂದು ಮೊಳೆ.

"ಅಂಕಲ್, ಇವನು ತನ್ನ ಕೈನ ತಾನೇ ನುಂಗಿದಾನೆ," ಎಂದಳು ಹುಡುಗಿ.

ಉಸಿರಣ್ಣ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಕಬ್ಬಿಣದ ಮೊಳೆ ತಮ್ಮನ ಹೊಟ್ಟೆಯಲ್ಲಿದ್ದಿದ್ದರೆ ಅಂದೇ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಆ ಕಥೆಯಾಯಿತು. ಮುಷ್ಟಿ ತೆಗೆಯೋಣವೆಂದರೆ ಭುಜಕ್ಕೆ ತಾನೇ ಹಿಂದೊಮ್ಮೆ ಗಟ್ಟಿ ಅಂಟು ಹಾಕಿದ್ದ. ಮುರಿಯದೆ ಬಿಚ್ಚಬಲ್ಲ ಕೈ ಅವನಿಗೆ ಗೊತ್ತಿದ್ದದ್ದು ಒಂದೇ. ಬಿಗುಮಾನ ಬದಿಗಿಟ್ಟು ಫೋನ್ ಮಾಡಿದ.

"ಒಂದು ಭುಜ ಬಿಚ್ಚಬೇಕಿತ್ತು ಕಣೋ."

"ಅದಕ್ಕೆ ನಿಮ್ಮಾಸ್ಪತ್ರೇಲಿ ಡಾಕ್ಟ್ರಿಲ್ವಾ?"

"ಕೊಂಬಯ್ಯನ ಭುಜ."

"ಮನೆಗೆ ಬರಲ್ಲ ನಾನು."

"ಮನೆಗಲ್ಲ. ಎಕ್ಸ್‌ರೇ ಕೋಣೆಗೆ ಬಾ."

ಮಧ್ಯಾಹ್ನದ ಬಿಡುವಿಗೆ ತಮ್ಮ ಬಂದ, ಮುಖ ಗಂಟು ಹಾಕಿಕೊಂಡೇ. ಪರದೆ ನೋಡಿದ. ಗಂಟು ಸಡಿಲಾಗಲಿಲ್ಲ. "ಇದೂ ನನ್ನ ಕೆಲಸಾನೇ ಅಂತೀಯೇನೋ," ಎಂದ. ನಿಜ ಹೇಳಬೇಕೆಂದರೆ ಉಸಿರಣ್ಣನ ನಾಲಿಗೆಯ ತುದಿಯಲ್ಲಿ ಇದ್ದದ್ದೂ ಅದೇ. ಮಹಾನುಭಾವನಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ.

ತಮ್ಮ ಚೀಲದಿಂದ ಸಣ್ಣ ಕಂಬಿ ತೆಗೆದು ಭುಜದ ಸಂದಿಯಲ್ಲಿ ಆಡಿಸಿದ. ಕಾಲು ಗಂಟೆಯಾದ ಮೇಲೆ ತೋಳು ಕಳಚಿತು. ಒಳಗಿಂದ ಹೊರಬಂದದ್ದು ಒಂದು ಪುಟ್ಟ ಗಂಟು. ಅಲ್ಲಾಡಿಸಿದರೂ ಸದ್ದಾಗದಂತೆ ಮುಷ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟಿತ್ತು. ಕರವಸ್ತ್ರದ ಮೂಲೆಯಲ್ಲಿ ಅಮ್ಮ ಕೆಂಪು ದಾರದಲ್ಲಿ ಹೊಲಿದ ಅಂಕಿ: ನಲವತ್ತೊಂದು. ಶಾಲೆಯ ಹಾಜರಿಯಲ್ಲಿ ಅಣ್ಣನ ನಂಬರು.

ಆಗ ನೆನಪಾಯಿತು. ಆ ಬೆಳಿಗ್ಗೆ, ಶಾಲೆಗೆ ಹೊರಡುವ ಮುನ್ನ, ತಮ್ಮನ ಕೈಗೆ ಸಿಗಬಾರದೆಂದು ತಾನೇ ಸುತ್ತಿ, ತಾನೇ ತೋಳು ಕಳಚಿ ಒಳಗೆ ತುರುಕಿ, ಸಂಜೆಯ ಗಲಾಟೆಯಲ್ಲಿ, ಆ ಪಕ್ಕೆಲುಬುಗಳ ಬೆರಗಿನಲ್ಲಿ, ಪೂರ್ತಿ ಮರೆತಿದ್ದ. ನಾಚಿಕೆಯಿಂದ ಅವನ ಬೋಳುತಲೆಯೂ ಕೆಂಪಾಯಿತು.

"ನೀನು ನುಂಗಿಲ್ಲ ಕಣೋ. ನಾನೇ ಬಚ್ಚಿಟ್ಟಿದ್ದೆ. ತಪ್ಪಾಯ್ತು."

ತಮ್ಮ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. "ನಿಜ ಹೇಳ್ಲಾ ಅಣ್ಣ? ನಂಗೇ ಖಾತ್ರಿ ಇರ್ಲಿಲ್ಲ. ಹೊಟ್ಟೆ ನೋವು ಬಂದಾಗೆಲ್ಲ ಅದೇ ಇರ್ಬೇಕು ಅಂದ್ಕೊಂಡು ಮಲಗ್ತಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಯಾರು ನಕ್ಕರೋ ತಿಳಿಯಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ರೋಗಿಗಳು ಒಳಗೇನಾಯಿತೆಂದು ಬಾಗಿಲು ಬಡಿದರು. ಕಣ್ಣು ಒರೆಸಿಕೊಂಡು ತಮ್ಮ ತೋಳನ್ನು ಭುಜಕ್ಕೆ ಸೇರಿಸಿದ, ಮುಷ್ಟಿಯನ್ನು ತೋಳಿಗೆ ಕೂರಿಸಿದ.

"ಸ್ಪ್ರಿಂಗು ಸತ್ತಿರುತ್ತೆ ಬಿಡು," ಎಂದ ಅಣ್ಣ.

ತಮ್ಮ ಗುಂಡಿ ಒತ್ತಿದ. ಸ್ಪ್ರಿಂಗು ಸತ್ತಿರಲಿಲ್ಲ. ಟಪ್ಪನೆ ಹಾರಿದ ಮುಷ್ಟಿ ಅಣ್ಣನ ಗಲ್ಲಕ್ಕೆ ತಾಗಿ ಎಲ್ಲೋ ಹೋಯಿತು. ಐವತ್ತರ ಆಸುಪಾಸಿನ ಇಬ್ಬರು ಗಂಡಸರು ನೆಲದ ಮೇಲೆ ಅಂಬೆಗಾಲಿಟ್ಟರು. ಮೇಜಿನ ಕೆಳಗೆ ನೋಡಿದರು, ಮೆಷಿನ್ನಿನ ಹಿಂದೆ ನೋಡಿದರು, ಸೀಸದ ಏಪ್ರನ್ನುಗಳನ್ನು ಒಂದೊಂದಾಗಿ ಕೊಡವಿದರು. ಮುಷ್ಟಿ ಇಲ್ಲ.

ತಮ್ಮ ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡ. ಮುಖದಲ್ಲಿ ನಗುವಿನ ಸುಳಿವಿಲ್ಲ.

"ಅಣ್ಣ, ಎಲ್ಲಿ, ಬಾಯಿ ತೆಗಿ ನೋಡೋಣ."

ಉಸಿರಣ್ಣ ಮರುಮಾತಾಡದೆ ಬಾಯಿ ತೆರೆದ.